ಕೊಟ್ಟಿಗೆ ನೀರು ಕುಡಿದ ದ್ರಾಕ್ಷಿ

ಗಿಡಕ್ಕೆ ನೀರು ಹಾಕಬೇಡ ಎಂದು ಈ ವಯಸ್ಸಿನವರೆಗೆ ನನಗೆ ಯಾರೂ ಹೇಳಿರಲಿಲ್ಲ. ಹೇಳಿದವಳು ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳು. ನಾನು ಕೇಳಲಿಲ್ಲ. ಕೇಳಿದ್ದರೆ ಇಷ್ಟು ಹೇಳಿ ಬರೆಸುವ ಕಷ್ಟ ತಪ್ಪುತ್ತಿತ್ತು. ನನ್ನ ಓದು ಬಸ್ಸಿನ ಬೋರ್ಡಿನ ಮಟ್ಟದ್ದು. ಅದರಲ್ಲೂ ಬೇತಮಂಗಲ ಎಂದು ಓದಿ ಮುಗಿಸುವ ಹೊತ್ತಿಗೆ ಬಸ್ಸು ಹೋಗಿರುತ್ತದೆ. ಆದರೆ ಈ ಕತೆ ಮಗಳ ಬಾಯಿಂದ ಊರೆಲ್ಲ ಸುತ್ತುತ್ತಿದೆ, ಒಂದೊಂದು ಮನೆ ದಾಟುವಾಗಲೂ ಅದರಲ್ಲಿ ನಾನು ಇನ್ನಷ್ಟು ದಡ್ಡಿಯಾಗುತ್ತಿದ್ದೇನೆ. ಎಷ್ಟು ದಡ್ಡಿ ಎಂಬುದನ್ನು ನಾನೇ ಹೇಳಿಬಿಡುವುದು ವಾಸಿ.

ನಮ್ಮ ಊರು ಬಂಗಾರಪೇಟೆಗೂ ಊರಿಗಾಂಗೂ ನಡುವೆ ಇದೆ. ಮದುವೆಯಾಗಿ ಬಂದಾಗಿನಿಂದ ನಾನು ಕಂಡಿದ್ದು ಹಸುಗಳನ್ನು. ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಊರಿಗಾಂನ ಗಣಿ ಕೂಲಿಗಳ ಲೈನು ಮನೆಗಳಿಗೆ ತಲೆಯ ಮೇಲೆ ಹಾಲು ಹೊತ್ತೆ. ಗಣಿ ಮುಚ್ಚಿತು, ಆಮೇಲೆ ಗಂಡ ಸತ್ತ, ಹಾಲು ಡೈರಿಗೆ ಹೋಗತೊಡಗಿತು. ಹಸುಗಳು ಮಾತ್ರ ಹಾಗೇ ಉಳಿದವು. ಈಗ ಅವು ನನ್ನ ಮಗನ ಜವಾಬ್ದಾರಿ. ಜವಾಬ್ದಾರಿ ಅವನದು, ಸಗಣಿ ನನ್ನದು. ಇಷ್ಟು ವರ್ಷದಲ್ಲಿ ನಾನು ಕಲಿತ ವಿದ್ಯೆ ಒಂದೇ: ಹೊಟ್ಟೆಗೆ ಹಾಕು, ಬೇಡ ಎಂದರೂ ಹಾಕು. ಹಸುವಿಗೆ ಹಾಗೆ ಮಾಡಿದೆ, ಮಕ್ಕಳಿಗೆ ಹಾಗೆ ಮಾಡಿದೆ, ಹಿತ್ತಿಲ ನುಗ್ಗೆಮರಕ್ಕೂ ಹಾಗೇ ಮಾಡಿದೆ. ಯಾರೂ ದೂರು ಹೇಳಿರಲಿಲ್ಲ.

ಹೀಗಿರುವಾಗ ಮಗಳು ಗಂಡನ ಮನೆ ಬಿಟ್ಟು ವಾಪಸ್ಸು ಬಂದಳು. ಅವಳನ್ನು ಕೊಟ್ಟಿದ್ದು ಊರಿಗಾಂಗೆ. ಅಳಿಯ ಕುಡಿಯುವವನಲ್ಲ, ಹೊಡೆಯುವವನಲ್ಲ. ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಿದ್ದ, ಸಂಜೆ ಬರುತ್ತಿದ್ದ. ಆಮೇಲೆ ವಾರಕ್ಕೊಮ್ಮೆ ಬಂದ. ಆಮೇಲೆ ಅಲ್ಲೇ ಇನ್ನೊಂದು ಸಂಸಾರ ಇದೆ ಎಂದು ಅವನ ಜೊತೆ ರೈಲಿನಲ್ಲಿ ಹೋಗಿಬರುವವರೇ ಬಂದು ಹೇಳಿದರು. ಮಗಳು ಅಳಲಿಲ್ಲ. ಒಂದು ಬ್ಯಾಗು ತಂದು ನಡುಮನೆಯ ಗೋಡೆಯ ಮೊಳೆಗೆ ತಗುಲಿಹಾಕಿದಳು. ಬಟ್ಟೆ ಬೇಕಾದಾಗ ಬ್ಯಾಗಿನಿಂದ ತೆಗೆಯುತ್ತಿದ್ದಳು, ಒಗೆದು ಮಡಿಸಿ ಮತ್ತೆ ಬ್ಯಾಗಿಗೇ ಹಾಕುತ್ತಿದ್ದಳು. ಬೀರುವಿನಲ್ಲಿ ಜಾಗ ಮಾಡಿಕೊಡುತ್ತೇನೆ ಎಂದೆ. ಇರಲಿ ಬಿಡು ಎಂದಳು.

ಗಂಡನ ಮನೆಯಲ್ಲಿದ್ದಾಗ ಅವಳು ಬೇತಮಂಗಲದ ಕಡೆ ಒಂದು ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುತ್ತಿದ್ದಳು. ತಿನ್ನುವ ದ್ರಾಕ್ಷಿಯಲ್ಲ, ವೈನ್ ಮಾಡುವ ದ್ರಾಕ್ಷಿ. ಬಂದು ಒಂದು ತಿಂಗಳು ಸುಮ್ಮನಿದ್ದವಳು ಒಂದು ದಿನ ಅಣ್ಣನನ್ನು ಕೇಳಿದಳು, ಕೊಟ್ಟಿಗೆಯ ಕೆಳಗಿನ ಇಳಿಜಾರು ನೆಲ ನನಗೆ ಕೊಡು, ದ್ರಾಕ್ಷಿ ಇಡುತ್ತೇನೆ ಎಂದು. ಆ ನೆಲದಲ್ಲಿ ಮಣ್ಣಿಗಿಂತ ಗರಸು ಕಲ್ಲು ಹೆಚ್ಚು. ಅಲ್ಲಿ ನಿಂತರೆ ದೂರದಲ್ಲಿ ಗಣಿಯವರು ಚಿನ್ನ ತೆಗೆದು ಸುರಿದ ಮಣ್ಣಿನ ಸೈನೇಡ್ ಗುಡ್ಡ ಕಾಣುತ್ತದೆ, ನೋಡಲು ನಮ್ಮ ನೆಲಕ್ಕೂ ಅದಕ್ಕೂ ಅಣ್ಣತಮ್ಮಂದಿರ ಹೋಲಿಕೆ. ಮಗ ಅಲ್ಲಿ ಹಸುಗಳಿಗೆ ಸೀಮೆಹುಲ್ಲು ಹಾಕಿದ್ದ, ಅದೂ ಅರೆಬರೆ ಬರುತ್ತಿತ್ತು. ಒಳ್ಳೆಯ ನೆಲ ಕೇಳೇ ಎಂದು ನಾನು ಹೇಳಿಕೊಟ್ಟೆ. ಬೇಡ, ಕೆಟ್ಟ ನೆಲವೇ ಬೇಕು, ನೀರು ನಿಲ್ಲದೆ ಇಳಿದುಹೋಗಬೇಕು ಎಂದಳು. ಗಂಡನ ಮನೆಯವರು ಇವಳ ತಲೆ ಕೆಡಿಸಿಯೇ ಕಳಿಸಿದ್ದಾರೆ ಎಂದುಕೊಂಡೆ.

ಮಗ ಯೋಚನೆ ಮಾಡಿ ಒಪ್ಪಿದ. ಅವನು ಕೆಟ್ಟವನಲ್ಲ. ಆದರೆ ಹುಲ್ಲು ಕಿತ್ತರೆ ದಿನಾ ಗಾಡಿಯ ಹಿಂದೆ ಎಲ್ಲಿಂದಲೋ ಮೇವು ಕಟ್ಟಿಕೊಂಡು ಬರಬೇಕಾದವನು ಅವನೇ. ಅದಕ್ಕೆ ಒಂದು ಮಾತು ಕಟ್ಟಿದ.

"ಒಂದು ಫಸಲು ನೋಡಾನ. ಮಾಲು ವಾಪಸ್ ಬಂತು ಅಂದ್ರೆ ಕಂಬ ಕಿತ್ತಾಕಿ ಉಲ್ಲು ನೆಟ್ಬುಡ್ತೀನಿ. ಆಮೇಲೆ ನೀನು ಬೆಂಗಳೂರಾಗೆ ಎಲ್ಲಾದ್ರೂ ಕೆಲ್ಸ ನೋಡ್ಕಬೇಕು, ತಿಳೀತಾ?"

ಮಗಳು ಮೊಳೆಯ ಮೇಲಿದ್ದ ಬ್ಯಾಗಿನ ಕಡೆ ನೋಡಿ, ತಿಳೀತು ಎಂದಳು. ಕೊಡಲಿ ಬಿದ್ದ ಹಾಗಾಯಿತು ನನಗೆ.  ಆವತ್ತೇ ಮನಸ್ಸಿನಲ್ಲಿ ನಿಶ್ಚಯ ಮಾಡಿದೆ, ಈ ದ್ರಾಕ್ಷಿ ಚೆನ್ನಾಗಿ ಬರುವ ಹಾಗೆ ನಾನು ನೋಡಿಕೊಳ್ಳುತ್ತೇನೆ ಎಂದು. ಎಲ್ಲ ಅನಾಹುತಕ್ಕೂ ಈ ನಿಶ್ಚಯವೇ ಮೂಲ.

ನಮ್ಮ ಕಡೆ ದ್ರಾಕ್ಷಿ ಎಂದರೆ ಚಪ್ಪರ. ಕೆಳಗೆ ನೆರಳು, ಮೇಲೆ ಎಲೆ, ಗೊನೆಗಳು ತಲೆಗೆ ತಾಗುತ್ತವೆ. ಇವಳು ಚಪ್ಪರ ಹಾಕಲಿಲ್ಲ. ಸಾಲಾಗಿ ಕಂಬ ನೆಟ್ಟು ತಂತಿ ಎಳೆದು ಬಳ್ಳಿಯನ್ನು ಬೇಲಿಯ ಹಾಗೆ ನಿಲ್ಲಿಸಿದಳು. ಮೊದಲು ಕಾಡುದ್ರಾಕ್ಷಿಯ ಬೇರು ನೆಟ್ಟು, ಅದು ಮಣ್ಣು ಹಿಡಿದ ಮೇಲೆ ಅದಕ್ಕೆ ವೈನ್ ದ್ರಾಕ್ಷಿಯ ಕಡ್ಡಿ ಕಸಿ ಕಟ್ಟಿದಳು. ಬೇರು ಒಬ್ಬರದು, ಹಣ್ಣು ಇನ್ನೊಬ್ಬರದು. ಬೇಲಿಗೆ ಹಬ್ಬಿಸುವುದಕ್ಕೆ ಹಾಗಲಬಳ್ಳಿ ಇರಲಿಲ್ಲವೇ ಎಂದು ನಾನು ಕೇಳಿದೆ. ಊರಿನವರು ಬೇರೆಯೇ ಕೇಳಿದರು. ಗಣಿಯವರಿಗೆ ಹಾಲು ಕುಡಿಸಿದ ಮನೆ ಈಗ ಹೆಂಡಕ್ಕೆ ಇಳಿಯಿತಾ ಎಂದು ಪಕ್ಕದ ಮನೆಯವಳು ನಲ್ಲಿಯ ಹತ್ತಿರ ಚುಚ್ಚಿದಳು. ಹಾಲಿಗೆ ಬರುತ್ತಿದ್ದುದಕ್ಕಿಂತ ಮೊದಲೇ ಬಂದು ಸಾಲಿನಲ್ಲಿ ನಿಂತುಕೋ, ನಿನಗೆ ಮೊದಲ ಲೋಟ ಎಂದೆ. ಇವಳ ಹೆಸರನ್ನು ಇನ್ನೊಂದು ಸಲ ಎತ್ತಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ. ಹೆಸರು ಅಂದರೆ ಹೆಸರಲ್ಲ, ಪಕ್ಕದ ಮನೆಯವಳು ಅಂತ.

ಬೇಸಿಗೆ ಬಂದಾಗ ಮಗಳು ಕತ್ತರಿ ತೆಗೆದುಕೊಂಡು ಬೆಳೆದ ಬಳ್ಳಿಯನ್ನೆಲ್ಲ ಕತ್ತರಿಸಿ ಮೋಟು ಮಾಡಿದಳು. ಮಳೆ ಮುಗಿಯುವ ಹೊತ್ತಿಗೆ ಮತ್ತೊಮ್ಮೆ ಕತ್ತರಿಸಿದಳು. ವರ್ಷಕ್ಕೆ ಎರಡು ಸಲ ಹೀಗೆ ಮಾಡಬೇಕಂತೆ. ಮೊದಲನೆಯದು ಕಡ್ಡಿ ಬಲಿಯುವುದಕ್ಕೆ, ಎರಡನೆಯದು ಹೂ ಬರುವುದಕ್ಕೆ. ಕತ್ತರಿಸಿದ ಕಡ್ಡಿಯ ತುದಿಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ನೋಡೇ, ಅಳುತ್ತಿದೆ ಎಂದೆ. ಅಳುತ್ತಿದ್ದರೆ ಬದುಕಿದೆ ಅಂತ ಲೆಕ್ಕ ಎಂದು ಮುಂದಿನ ಗಿಡಕ್ಕೆ ಹೋದಳು.

ಗೊನೆ ಬಂತು. ಹಸಿರಾಗಿ ಮೆಣಸಿನಕಾಳಿನಷ್ಟು ಇದ್ದಾಗ ಒಂದೊಂದು ಕಡ್ಡಿಗೆ ಒಂದೆರಡು ಬಿಟ್ಟು ಉಳಿದ ಗೊನೆಗಳನ್ನು ಕತ್ತರಿಸಿ ನೆಲಕ್ಕೆ ಬೀಳಿಸಿದಳು. ನಮ್ಮ ಮನೆಯಲ್ಲಿ ಮೊದಲ ಕಾಯಿ ಕಟ್ಟಿದ ಗಿಡವನ್ನು ಕೈಯಿಂದ ಮುಟ್ಟುವುದೂ ಇಲ್ಲ. ಕುಂಬಳಬಳ್ಳಿಗೆ ಮೊದಲ ಹೀಚು ಬಿಟ್ಟರೆ ದೃಷ್ಟಿಯಾಗುತ್ತದೆಂದು ಹಳೆಯ ಬಟ್ಟೆ ಮುಚ್ಚಿದವಳು ನಾನು. ಬಿದ್ದ ಗೊನೆಗಳನ್ನು ಸೆರಗಿನಲ್ಲಿ ಆರಿಸಿಕೊಂಡು ಬಂದು ಉಪ್ಪಿನಕಾಯಿ ಹಾಕಿದೆ. ಅದು ಹಲ್ಲಿಗೆ ಹತ್ತಿದ್ದು ವಾರವಾದರೂ ಬಿಡಲಿಲ್ಲ. ನನ್ನ ಹಲ್ಲು ಕಡಿಮೆ, ಹಾಗಾಗಿ ನಷ್ಟವೂ ಕಡಿಮೆ.

ಮಗಳಿಗೂ ಎಲ್ಲ ಗೊತ್ತಿತ್ತು ಎಂದಲ್ಲ. ಗೊನೆಗೆ ಗಾಳಿ ಬೆಳಕು ಬೇಕೆಂದು ಸುತ್ತಲಿನ ಎಲೆ ಕೀಳಬೇಕು, ಬೆಳಗಿನ ಬಿಸಿಲಿನ ಕಡೆ ಮಾತ್ರ ಕೀಳಬೇಕು. ಇವಳು ಹುರುಪಿನಲ್ಲಿ ಮೂರು ಸಾಲಿಗೆ ಸಂಜೆ ಕಡೆಯದನ್ನೂ ಕಿತ್ತಳು. ಆ ಗೊನೆಗಳ ಒಂದು ಮಗ್ಗುಲು ಸುಟ್ಟು ಒಣದ್ರಾಕ್ಷಿಯಾಯಿತು. ಅವಳು ಅನ್ನ ಬಿಟ್ಟು ಎದ್ದಳು ಆವತ್ತು. ನಾನು ಸಮಾಧಾನ ಹೇಳುವವಳಲ್ಲ. ಪಾಯಸಕ್ಕಾಗುತ್ತದೆ ಬಿಡು ಎಂದೆ. ಅದು ಸಮಾಧಾನವಾಗಿ ಕೇಳಿಸಲಿಲ್ಲವಂತೆ.

ಸಂಕ್ರಾಂತಿ ಕಳೆದ ಮೇಲೆ ಹಣ್ಣಿಗೆ ಬಣ್ಣ ಬಂತು. ಹಸಿರು ಹೋಗಿ ನೇರಳೆ. ನನಗೆ ಸಂತೋಷವಾಯಿತು, ಈಗ ಚೆನ್ನಾಗಿ ನೀರು ಕೊಟ್ಟರೆ ಒಂದೊಂದು ಹಣ್ಣು ನೆಲ್ಲಿಕಾಯಿ ಗಾತ್ರ ಆಗುತ್ತದೆ ಎಂದುಕೊಂಡೆ. ಮಗಳು ಅದೇ ದಿನ ಹನಿ ನೀರಿನ ಪೈಪನ್ನು ಮುಕ್ಕಾಲು ಮುಚ್ಚಿದಳು. ನೀರು ಇತ್ತು. ಬೋರು ಚೆನ್ನಾಗಿತ್ತು. ಇದ್ದೂ ಮುಚ್ಚಿದಳು. ನಲ್ಲಿಯಲ್ಲಿ ನೀರು ಬರುವ ದಿನ ಮನೆಯ ಲೋಟ ಚೆಂಬುಗಳನ್ನೂ ತುಂಬಿಸಿಡುವ ಊರು ನಮ್ಮದು. ನೀರಿದ್ದೂ ಗಿಡವನ್ನು ಒಣಗಿಸುವುದನ್ನು ನನ್ನ ಕಣ್ಣು ನೋಡಲಾರದೆ ಹೋಯಿತು. ಮಧ್ಯಾಹ್ನ ಎಲೆಗಳು ಜೋತುಬೀಳುತ್ತಿದ್ದವು. ಮಗ ಸಂಜೆ ಮೇವಿನ ಹೊರೆ ಇಳಿಸುತ್ತಾ ಆ ಎಲೆಗಳನ್ನು ನೋಡುತ್ತಿದ್ದ. ಆಮೇಲೆ ಕಂಬಗಳನ್ನು ಎಣಿಸುತ್ತಿದ್ದ. 

ಆಗ ಮಗಳು ಬೇತಮಂಗಲದ ಹಳೆಯ ತೋಟದವರು ಕರೆದರೆಂದು ಕೊಯ್ಲಿನ ಕೆಲಸಕ್ಕೆ ಕೆಲವು ದಿನ ಹೋದಳು. ಹೋಗುವಾಗ, ಪೈಪು ಮುಟ್ಟಬೇಡಮ್ಮ ಎಂದು ಹೇಳಿಹೋದಳು. ನಾನು ಪೈಪು ಮುಟ್ಟಲಿಲ್ಲ. ಸನಿಕೆ ತೆಗೆದುಕೊಂಡೆ.

ಕೊಟ್ಟಿಗೆ ತೊಳೆದ ನೀರು, ಹಸುವಿನ ಗಂಜಲ, ಸಗಣಿ ಬಗ್ಗಡ ಎಲ್ಲ ಒಂದು ಮೋರಿಯಲ್ಲಿ ಹರಿದು ತಿಪ್ಪೆಗೆ ಹೋಗುತ್ತಿತ್ತು. ನಮ್ಮ ಕಡೆ ಆ ನೀರನ್ನು ಯಾರೂ ಸುಮ್ಮನೆ ಬಿಡುವುದಿಲ್ಲ. ಬಾಳೆಗೋ ತೆಂಗಿಗೋ ತಿರುಗಿಸುತ್ತಾರೆ. ನಾನು ಅರ್ಧ ಗಂಟೆಯಲ್ಲಿ ಮೋರಿಯ ಬಾಯಿ ಕಡಿದು ದ್ರಾಕ್ಷಿಯ ಕಡೆಗೆ ತಿರುಗಿಸಿದೆ. ಕೊಟ್ಟಿಗೆಗೆ ಹತ್ತಿರದ ಎರಡು ಸಾಲಿಗೆ ಹೊಟ್ಟೆ ತುಂಬ ಹರಿಯಿತು. ಅದಕ್ಕಾಗಿ ದಿನಕ್ಕೆ ಎರಡು ಸಲ ಕೊಟ್ಟಿಗೆ ತೊಳೆದೆ. ಹಸುಗಳಿಗೆ ಅಷ್ಟು ಮರ್ಯಾದೆ ಅದುವರೆಗೆ ಸಿಕ್ಕಿರಲಿಲ್ಲ. ಎಲೆ ಎದ್ದು ನಿಂತವು, ಹೊಸ ಕುಡಿ ಬಂತು, ಹಣ್ಣು ಉಬ್ಬಿದವು. ಪಕ್ಕದ ಮನೆಯವಳೇ ಬೇಲಿಯ ಹತ್ತಿರ ಬಂದು ಈ ಎರಡು ಸಾಲು ಮಾತ್ರ ಏನು ಚೆನ್ನಾಗಿದೆ ಎಂದಳು. ಕೈಗುಣ ಎಂದೆ ನಾನು. ಆ ಮಾತು ನನ್ನ ಬಾಯಿಂದಲೇ ಬಂದಿದೆ, ಇಲ್ಲ ಎನ್ನುವ ಹಾಗಿಲ್ಲ.

ಮಗಳು ವಾಪಸ್ಸು ಬಂದವಳು ಮನೆಗೂ ಬರದೆ ನೆಟ್ಟಗೆ ತೋಟಕ್ಕೆ ಇಳಿದಳು. ಕೊಟ್ಟಿಗೆ ಕಡೆಯ ಸಾಲಿನಲ್ಲಿ ಚಪ್ಪಲಿ ಬಗ್ಗಡದಲ್ಲಿ ಹೂತುಕೊಂಡು ಅಲ್ಲೇ ಉಳಿಯಿತು. ಬರಿಗಾಲಲ್ಲಿ ನನ್ನ ಮುಂದೆ ಬಂದು ನಿಂತಳು.

"ಯಾಕಮ್ಮಾ ಇಂಗ್ ಮಾಡ್ದೆ?"

"ಬಾಯಾರಿತ್ತು ಕಣೇ ಅದಕ್ಕೆ."

"ಬಾಯಾರ್ಲಿ ಅಂತಾನೇ ನಿಲ್ಸಿದ್ದು ನಾನು."

"ನಿಮ್ಮಣ್ಣ ಕಂಬ ಕೀಳಕ್ಕೆ ಕಾಯ್ತಾವ್ನೆ, ನೀನು ಗಿಡ ಸಾಯ್ಸಕ್ಕೆ ನಿಂತಿದೀಯ. ನಡುವೆ ನಾನು ಏನು ಕಣ್ಣು ಮುಚ್ಕಂಡಿರ್ಬೇಕಾ?"

ಅವಳು ಕುಳಿತು, ಮಗುವಿಗೆ ಹೇಳುವ ಹಾಗೆ ಹೇಳಿದಳು. ನೀರು ಸಿಕ್ಕರೆ ಬಳ್ಳಿ ಹಣ್ಣನ್ನು ಮರೆತು ಎಲೆ ಬಿಡುತ್ತದೆ. ಹಣ್ಣು ದಪ್ಪವಾಗುತ್ತದೆ, ಒಳಗೆ ನೀರಿರುತ್ತದೆ, ಸಿಹಿ ಇರುವುದಿಲ್ಲ. ವೈನಿಗೆ ಬೇಕಾದದ್ದು ಸಣ್ಣ ಹಣ್ಣು. ಬಣ್ಣ, ಒಗರು ಎಲ್ಲ ಸಿಪ್ಪೆಯಲ್ಲಿರುವುದು, ಹಣ್ಣು ಸಣ್ಣದಿದ್ದಷ್ಟೂ ರಸಕ್ಕಿಂತ ಸಿಪ್ಪೆ ಹೆಚ್ಚು. ಸ್ವಲ್ಪ ಬಾಯಾರಿದರೆ ಬಳ್ಳಿ ಕುಡಿ ಬಿಡುವುದು ನಿಲ್ಲಿಸಿ ಇದ್ದಬದ್ದದ್ದನ್ನೆಲ್ಲ ಹಣ್ಣಿಗೇ ಹಾಕುತ್ತದೆ.

ಹಾಗೆ ಹಸಿವಿನಲ್ಲಿಟ್ಟು ಯಾರಾದರೂ ಸಾಕುತ್ತಾರೇನೇ ಎಂದೆ.

"ನನ್ನ ಸಾಕಿದ್ರಲ್ಲ, ಊರಿಗಾಂನಾಗೆ" ಎಂದಳು.

 ಹಸುವಿಗೆ ಹುಲ್ಲು ಹಾಕಲು ಎದ್ದುಹೋದೆ. ಆಗಷ್ಟೇ ಹಾಕಿದ್ದೆ; ಮತ್ತೆ ಹಾಕಿದೆ.

ಮೋರಿಯನ್ನು ಅವಳು ಅವತ್ತೇ ಮುಚ್ಚಿದಳು. ಕುಡಿದದ್ದು ಕುಡಿದಾಗಿತ್ತು. ಆದರೂ ನಾನು ಸೋಲು ಒಪ್ಪಲಿಲ್ಲ. ನೋಡುವವರ ಕಣ್ಣಿಗೆ ನನ್ನ ಎರಡು ಸಾಲು ಮದುಮಗಳ ಹಾಗೆ, ಅವಳ ಸಾಲುಗಳು ಬಾಣಂತಿಯ ಹಾಗೆ ಕಾಣುತ್ತಿದ್ದವು. ಕೊಳ್ಳುವವನು ಬರಲಿ, ಅವನಿಗೂ ಎರಡು ಕಣ್ಣಿರುತ್ತವೆ ಎಂದುಕೊಂಡೆ.

ಅವನು ಬಂದ. ವೈನ್ ಮಾಡುವವರ ಕಡೆಯ ಮನುಷ್ಯ, ತಲೆಗೆ ಟೋಪಿ, ಮೃದು ಮಾತು. ಅವನ ಕೈಯಲ್ಲಿ ಗಿಡ್ಡ ಕೊಳಾಯಿಯಂತಹ ಒಂದು ಸಾಮಾನು, ತುದಿಯಲ್ಲಿ ಗಾಜು. ಹಣ್ಣು ಹಿಂಡಿ ಒಂದು ಹನಿ ಗಾಜಿನ ಮೇಲೆ ಬಿಟ್ಟು, ಮುಚ್ಚಳ ಒತ್ತಿ, ಬೆಳಕಿಗೆ ಹಿಡಿದು ನೋಡುತ್ತಾನೆ. ಒಳಗೆ ಗೀಟುಗಳಿವೆ, ಸಿಹಿ ಎಷ್ಟಿದೆ ಎಂದು ತೋರಿಸುತ್ತದೆ. ಡೈರಿಯಲ್ಲಿ ನೀರು ಬೆರೆತಿದೆಯೇ ಎಂದು ಹಾಲಿಗೆ ಅದ್ದುವ ಗಾಜಿನ ಕಡ್ಡಿಯ ನೆನಪಾಯಿತು ನನಗೆ. ಮಗಳ ಸಾಲುಗಳಲ್ಲಿ ಅಲ್ಲಲ್ಲಿ ನಿಂತು ನೋಡಿದ. ಬೀಜ ಕಚ್ಚಿ ನೋಡಿದ, ಕಂದು ಬಣ್ಣಕ್ಕೆ ತಿರುಗಿದೆ, ಕಟಕಟ ಎನ್ನುತ್ತಿದೆ ಎಂದ. ಇನ್ನು ಸ್ವಲ್ಪ ದಿನ ಬಿಟ್ಟರೆ ಸರಿಹೋಗುತ್ತದೆ ಎಂದ. ಆಮೇಲೆ ನನ್ನ ಸಾಲಿಗೆ ಬಂದ. ನಾನು ಸೆರಗು ಸರಿಮಾಡಿಕೊಂಡೆ.

ಒಂದು ಸಲ ನೋಡಿದ. ಗಾಜು ಒರೆಸಿ ಇನ್ನೊಂದು ಹಣ್ಣು ಹಿಂಡಿ ನೋಡಿದ. ಟೋಪಿ ತೆಗೆದ.

"ಇಲ್ಲಿ ಯಾರು ನೀರು ಕೊಟ್ಟಿದ್ದು?"

ಮಗ ನನ್ನ ನೋಡಿದ. ಮಗಳು ನನ್ನ ನೋಡಿದಳು. ಕೊಟ್ಟಿಗೆಯಿಂದ ಹಸುವೂ ನೋಡಿತು ಎಂದು ನನ್ನ ಅನುಮಾನ.

"ನಾನಲ್ಲಪ್ಪ, ಅಸು" ಎಂದೆ. "ಅದು ಉಯ್ತು, ನಾನು ದಾರಿ ತೋರ್ಸಿದೆ ಅಷ್ಟೇ."

ಅವನು ನಗಲಿಲ್ಲ, ನನ್ನ ಕೈಗೆ ಆ ಕೊಳಾಯಿ ಕೊಟ್ಟು ನೋಡಿ ಎಂದ. ನಾನು ಮೊದಲು ಪೊರೆ ಬಂದ ಕಣ್ಣಿಗೆ ಹಿಡಿದು, ಏನೂ ಕಾಣುವುದಿಲ್ಲ, ನಿನ್ನ ಸಾಮಾನು ಕೆಟ್ಟಿದೆ ಎಂದೆ. ಮಗಳು ಇನ್ನೊಂದು ಕಣ್ಣಿಗೆ ತಿರುಗಿಸಿದಳು. ಮೇಲೆ ನೀಲಿ, ಕೆಳಗೆ ಬಿಳಿ. ಅವಳ ಹಣ್ಣಿನಲ್ಲಿ ನೀಲಿಯ ಅಂಚು ಎಲ್ಲಿತ್ತೋ ನನ್ನ ಹಣ್ಣಿನಲ್ಲಿ ಅದಕ್ಕಿಂತ ಎಷ್ಟೋ ಕೆಳಗಿತ್ತು. ಓದು ಬರದವಳಿಗೂ ಅರ್ಥವಾಗುವ ಹಾಗೆ ಮಾಡಿಟ್ಟಿದ್ದಾರೆ ಹಾಳಾದವರು.

ಈ ಎರಡು ಸಾಲಿನ ಹಣ್ಣು ಬೇಡ, ಒಂದು ಗೊನೆಯೂ ಬೆರೆಯಬಾರದು ಎಂದು ಅವನು ಹೇಳಿದ. ವೈನ್ ಫ್ಯಾಕ್ಟರಿಯ ಗೇಟಿನಲ್ಲಿ ಬುಟ್ಟಿ ಬುಟ್ಟಿಯಿಂದ ಹಣ್ಣು ತೆಗೆದು ಹಿಂಡಿ ನೋಡುತ್ತಾರೆ, ನೀರು ಹಣ್ಣು ಸಿಕ್ಕರೆ ಇಡೀ ಗಾಡಿ ವಾಪಸ್ಸು. ಅವನು ಹೋದ ಮೇಲೆ ಮಗ ಇಷ್ಟೇ ಹೇಳಿದ: "ಚೆನ್ನಾಗಿರೋದು ಬ್ಯಾಡ್ವಂತೆ, ಒಣಕ್ಲು ಬೇಕಂತೆ. ಇದೂ ಒಂದು ಬೇಸಾಯ." ಮಾರನೆಯ ದಿನ ಅವನು ಸೀಮೆಹುಲ್ಲಿನ ತುಂಡುಗಳ ಒಂದು ಕಟ್ಟು ತಂದು ಕೊಟ್ಟಿಗೆಯ ತೊಟ್ಟಿಯಲ್ಲಿ ನೆನೆಹಾಕಿದ. ಮಾಲು ವಾಪಸ್ಸು ಬಂದರೆ ನೆಡುವುದಕ್ಕೆ.  ಮಗಳು ಆ ತೊಟ್ಟಿಯ ಪಕ್ಕದಿಂದಲೇ ಹಾದುಹೋಗಿ ಬರುತ್ತಿದ್ದಳು.

ನನಗೆ ಬುದ್ಧಿ ಬಂತೇ? ಇಲ್ಲ. ವೈನಿನವನಿಗೆ ಬೇಡವಾದರೆ ಬಂಗಾರಪೇಟೆಯ ಬಾಯಿಗಳಿಗೆ ಬೇಡವೇ ಎಂದುಕೊಂಡೆ. ನನ್ನ ಸಾಲಿನ ಗೊನೆಗಳು ಪೇಟೆಯಲ್ಲಿ ಹೋದರೆ ಮಗನ ಬಾಯಿ ಸ್ವಲ್ಪವಾದರೂ ಮುಚ್ಚುತ್ತದೆ. ದೊಡ್ಡ ಗೊನೆಗಳನ್ನು ಆರಿಸಿ ಬುಟ್ಟಿ ತುಂಬಿ, ಬಸ್ಸು ಹತ್ತಿ, ಸ್ಟೇಷನ್ ರಸ್ತೆಯಲ್ಲಿ ಹೂವಿನವರ ಪಕ್ಕದಲ್ಲಿ ಕೂತೆ. ಜನ ಬಂದರು. ನೋಡಿದವರಿಗೆಲ್ಲ ಆಸೆಯಾಯಿತು, ಅಷ್ಟು ಲಕ್ಷಣವಾಗಿತ್ತು ಹಣ್ಣು. ರುಚಿ ನೋಡುತ್ತೇವೆ ಎಂದು ಒಂದು ಬಾಯಿಗೆ ಹಾಕಿಕೊಂಡರು. ಸಿಪ್ಪೆ ಎಮ್ಮೆ ಚರ್ಮ. ಒಳಗೆ ಬೀಜ. ತಿನ್ನುವ ಸಿಹಿಯೂ ಇಲ್ಲ, ಹುಳಿಯೂ ನೆಟ್ಟಗಿಲ್ಲ. ರಸ್ತೆಯ ಆ ಕಡೆ ತಿರುಗಿ ಉಗಿದರು. ಒಬ್ಬರಾದ ಮೇಲೆ ಒಬ್ಬರು ಉಗಿದರು. ಹೂವಿನವಳು ತನ್ನ ಮಲ್ಲಿಗೆಯ ಬುಟ್ಟಿಯನ್ನು ದೂರ ಎಳೆದುಕೊಂಡಳು.

ರೈಲಿಳಿದು ಬಂದ ಜನದಲ್ಲಿ ಒಬ್ಬ ಹೆಂಗಸು ನನ್ನ ಗುರುತು ಹಿಡಿದಳು. ಊರಿಗಾಂ ಲೈನಿನವಳು, ಅವಳ ಅಮ್ಮನ ಕಾಲದಿಂದ ಆ ಮನೆಗೆ ಹಾಲು ಹಾಕಿದ್ದೆ. ಪಾಟಿ, ಅಂದರೆ ಅಜ್ಜಿ, ಎಂದು ಅವರ ತಮಿಳಿನಲ್ಲೇ ಕರೆಯುತ್ತಾಳೆ. ಒಂದು ಹಣ್ಣು ಬಾಯಿಗೆ ಹಾಕಿ, ನನ್ನ ಮರ್ಯಾದೆಗೆ ಉಗುಳದೆ ಕೆನ್ನೆಯಲ್ಲೇ ಇಟ್ಟುಕೊಂಡಳು.

"ಎನ್ನ ಪಾಟಿ, ಏನಿದು? ಆಲು ಚೆನ್ನಾಗ್ ಕೊಡ್ತಿದ್ದೆ. ಈ ವಯಸ್ಸಲ್ಲಿ ಬೀಜದ್ ಅಂಗಡಿ ಯಾಕೆ ಇಟ್ಟೆ?"

ಬೇಕಾದರೆ ಬಿತ್ತಿಕೋ ಎಂದೆ. ಅವಳು ಆಚೆ ತಿರುವಿನವರೆಗೂ ಹೋಗಿ ಅಲ್ಲಿ ಉಗಿದದ್ದು ನನಗೆ ಕಾಣಿಸಿತು. ಬುಟ್ಟಿಯನ್ನು ಹಾಗೇ ಹೊತ್ತು ವಾಪಸ್ಸು ಬಂದೆ. ಕಂಡಕ್ಟರ್ ಬುಟ್ಟಿಗೂ ಟಿಕೆಟ್ ಹಾಕಿದ. ಮನೆಗೆ ಬಂದು ಹಸುಗಳ ಮುಂದೆ ಸುರಿದೆ. ತಿಂದವು. ಅವುಗಳದೇ ನೀರು, ಅವುಗಳದೇ ಹಣ್ಣು. ನಡುವೆ ನಾನು ಬಸ್ಸಿನಲ್ಲಿ ಓಡಾಡಿದ್ದು ಮಾತ್ರ ಹೆಚ್ಚಿಗೆ.

ಅವತ್ತು ರಾತ್ರಿ ಊಟದ ಮುಂದೆ ಮಗಳನ್ನು ನೋಡಿ, ನಿನ್ನ ಗಾಜಿನವನು ಸರಿಯಾಗೇ ಹೇಳಿದ್ದಾನೆ ಎಂದೆ. ಅವಳು ಸಾರು ಬಡಿಸಿದಳು. ಅಷ್ಟೇ.

ಕೊಯ್ಲಿನ ದಿನ ಬಂತು. ಬಿಸಿಲೇರಿದರೆ ಹಣ್ಣು ಬಿಸಿಯಾಗಿ ದಾರಿಯಲ್ಲೇ ಹುಳಿಯುತ್ತದೆಂದು ನಸುಕಿನಲ್ಲೇ ಶುರು. ಮುಯ್ಯಾಳುಗಳಾಗಿ ಊರಿನ ಹೆಂಗಸರು ಬಂದಿದ್ದರು. ಅವರ ಕೆಲಸಕ್ಕೆ ನಾವು, ನಮ್ಮ ಕೆಲಸಕ್ಕೆ ಅವರು. ಪಕ್ಕದ ಮನೆಯವಳೂ ಬಂದಿದ್ದಳು. ಮಗಳು ಎಲ್ಲರಿಗೂ ಹೇಳಿದಳು, ಕೊಟ್ಟಿಗೆ ಕಡೆಯ ಎರಡು ಸಾಲು ಮುಟ್ಟಬೇಡಿ, ಸುಟ್ಟ ಗೊನೆ ಹಾಕಬೇಡಿ. ನನಗೆ ಕತ್ತರಿ ಕೊಡಲಿಲ್ಲ. ತುಂಬಿದ ಬುಟ್ಟಿಗಳ ಹತ್ತಿರ ಕೂತು ಒಣಗಿದ್ದು, ಎಲೆ, ಹುಳ ಇದ್ದರೆ ತೆಗೆದುಹಾಕು ಎಂದಳು. ಮಕ್ಕಳಿಗೆ ಅಕ್ಕಿ ಆರಿಸಲು ಕೊಡುತ್ತಾರಲ್ಲ, ಹಾಗೆ.

ಗಾಡಿ ಬಂದು ನಿಂತಿತ್ತು. ಮಗ ಬುಟ್ಟಿಗಳನ್ನು ಎತ್ತಿ ಇಡುತ್ತಿದ್ದ. ಕೊನೆಕೊನೆಯ ಬುಟ್ಟಿಗಳು ನನ್ನ ಮುಂದೆ ಬಂದಾಗ ನಾನು, ಆಹಾ, ಇದು ಎಷ್ಟು ಚೆನ್ನಾಗಿ ಜೋಡಿಸಿದ್ದಾರೆ ಎಂದುಕೊಂಡೆ. ಮೇಲೆ ದಪ್ಪ ದಪ್ಪ ಗೊನೆಗಳು, ಹೊಳೆಯುತ್ತಿದ್ದವು. ಪಕ್ಕದ ಮನೆಯವಳು ತುಂಬಿದ ಬುಟ್ಟಿಗಳು ಅವು. ಅವಳು ಟೊಮೆಟೊ ಬೆಳೆಯುವವಳು. ನಮ್ಮ ಕಡೆ ಟೊಮೆಟೊ ಬುಟ್ಟಿಯನ್ನು ಹೀಗೇ ತುಂಬುವುದು: ಸಣ್ಣದು ಕೆಳಗೆ, ದಪ್ಪದ್ದು ಮೇಲೆ, ಮಂಡಿಯವನ ಕಣ್ಣಿಗೆ ಮೊದಲು ಅದೇ ಬೀಳಲಿ ಎಂದು. ನಾನೂ ಹಾಗೇ ತುಂಬಿದ್ದೇನೆ, ನನ್ನ ಅತ್ತೆಯೂ ಹಾಗೇ ತುಂಬಿದ್ದಳು. ಮೆಚ್ಚಿಕೊಂಡು ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿದೆ.

ಉಗಿದೆ. ನನ್ನ ಹಣ್ಣು. ಅದನ್ನು ತಿಳಿಯಲು ಯಾವ ಗಾಜೂ ಬೇಕಾಗಲಿಲ್ಲ. ಸ್ಟೇಷನ್ ರಸ್ತೆಯಲ್ಲಿ ಎಷ್ಟು ಬಾಯಿ ಅದನ್ನು ಉಗಿದಿತ್ತೋ ಅಷ್ಟೂ ನೆನಪಾಯಿತು.

"ನಿಲ್ಸ್ಲಾ ಗಾಡಿ" ಎಂದೆ ಮಗನಿಗೆ. "ಇಳ್ಸು ಅವನ್ನ."

ಪಕ್ಕದ ಮನೆಯವಳು ಒಳ್ಳೆಯದಕ್ಕೇ ಮಾಡಿದ್ದಳು. ಇಷ್ಟು ಚೆನ್ನಾಗಿರುವುದು ಗಿಡದಲ್ಲೇ ಉಳಿದಿದೆಯಲ್ಲ, ಮೇಲೆ ಒಂದು ಪದರ ಹಾಕಿದರೆ ಪಾಪ ನಿನ್ನ ಮಗಳ ಮಾಲಿಗೆ ಮರ್ಯಾದೆ ಬರುತ್ತದೆ ಎಂದುಕೊಂಡೆ ಎಂದಳು. ನಾನು ಏನು ಬೈಯಲಿ? ಅವಳ ಜಾಗದಲ್ಲಿ ನಾನಿದ್ದರೆ ಎರಡು ಪದರ ಹಾಕುತ್ತಿದ್ದೆ. ಮಗ ಹತ್ತಿಸಿದ್ದರಲ್ಲಿ ಅವಳ ಬುಟ್ಟಿ ಯಾವುದು ಎಂದು ತಿಳಿಯದೆ ಎಲ್ಲವನ್ನೂ ಇಳಿಸಬೇಕಾಯಿತು. ನಾನು, ಮಗಳು, ಅವಳು ಮೂವರೂ ನೆಲದಲ್ಲಿ ಕೂತು ಮೇಲಿನ ಗೊನೆ ತೆಗೆದೆವು. ಅನುಮಾನ ಬಂದ ಕಡೆ ನಾನು ತಿಂದು ನೋಡುತ್ತಿದ್ದೆ. ಮಗಳ ಸಾಲಿನದಾದರೆ ನುಂಗುತ್ತಿದ್ದೆ, ನನ್ನದಾದರೆ ಉಗುಳುತ್ತಿದ್ದೆ. ಬಿಸಿಲೇರುತ್ತಿತ್ತು. ಗಾಡಿಯವನು ಹಾರನ್ ಹೊಡೆಯುತ್ತಿದ್ದ. ಸಣ್ಣ ಹಣ್ಣನ್ನು ನಾನು ನಿಜವಾಗಿ ಬಾಯಲ್ಲಿಟ್ಟಿದ್ದು ಅವತ್ತೇ ಮೊದಲು. ಬೆಲ್ಲದ ಸಿಹಿ, ಅದರ ಹಿಂದೆಯೇ ನೇರಳೆ ಹಣ್ಣಿನ ಒಗರು. ಇದನ್ನು ಒಪ್ಪಿಕೊಳ್ಳುವಷ್ಟು ಹೊತ್ತು ಇರಲಿಲ್ಲ, ಮುಂದಿನ ಬುಟ್ಟಿಗೆ ಹೋದೆ.

ಗಾಡಿ ಹೋಯಿತು. ಮಗಳು ಮೈ ತೊಳೆದುಕೊಂಡು ಬಂದು ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಳು. ಫೋನು ಮುಂದಿತ್ತು. ತಲೆಯ ಮೇಲೆ ಮೊಳೆ, ಮೊಳೆಯಲ್ಲಿ ಬ್ಯಾಗು. ಮಗ ಹೊರಗೆ ತೊಟ್ಟಿಯ ಹತ್ತಿರ ಹುಲ್ಲಿನ ತುಂಡುಗಳನ್ನು ತಿರುವಿ ಹಾಕುತ್ತಿದ್ದ. ಬೇರಿನ ಮೊನೆ ಒಡೆದಿದ್ದವು. ಊಟ ಮಾಡೇ ಎಂದೆ. ಬೇಡ ಎಂದಳು. ಬಡಿಸಿಟ್ಟೆ. ಬೇಡ ಎಂದವರಿಗೆ ಬಡಿಸುವ ಚಟ ನನ್ನದು, ಆಗಲೇ ಹೇಳಿದ್ದೇನೆ.

ಸಂಜೆ ಹಾಲು ಕರೆಯುವ ಹೊತ್ತಿಗೆ ಫೋನು ಬಂತು. ಅವಳು ಕಿವಿಗಿಟ್ಟುಕೊಂಡು ಊಂ ಎಂದಳು, ಮತ್ತೆ ಊಂ ಎಂದಳು, ಸರಿ ಸಾರ್ ಎಂದಳು. ನಾನು ಕೆಚ್ಚಲು ಹಿಡಿದುಕೊಂಡೇ ಕೂತಿದ್ದೆ, ಹಸು ಕಾಲು ಝಾಡಿಸಿತು. ಮಗಳು ಕೊಟ್ಟಿಗೆಗೆ ಬಂದು, ತೊಟ್ಟಿಯಿಂದ ಹುಲ್ಲಿನ ಕಟ್ಟನ್ನು ಎತ್ತಿ ಅಣ್ಣನ ಕೈಗೆ ಕೊಟ್ಟಳು. ನೀರು ಅವನ ಅಂಗಿಯ ಮೇಲೆ ಇಳಿಯಿತು.

"ಮಾಲು ಪೂರ್ತಿ ಇಳಿಸ್ಕಂಡ್ರಂತೆ ಅಣ್ಣ. ಇದನ್ನ ಮೋರಿ ಪಕ್ಕ ನೆಡು. ಅಮ್ಮಂಗೂ ನೀರು ಹಾಕಕ್ಕೆ ಒಂದು ಜಾಗ ಬೇಕಲ್ಲ."

ಮಗ ಅಂಗಿಯ ತುದಿ ಹಿಂಡಿದ. ಆಮೇಲೆ, ಮೋರಿಯ ಎರಡೂ ಕಡೆ ನೆಟ್ಟರೆ ಅರ್ಧ ಹೊರೆಯಾದರೂ ಮನೆಯಲ್ಲೇ ಸಿಗುತ್ತದೆ ಎಂದು ಲೆಕ್ಕ ಹಾಕುತ್ತಾ ಸನಿಕೆ ಹುಡುಕಿದ. ಅದು ನನ್ನ ಹತ್ತಿರವೇ ಇತ್ತು. ಕೊಟ್ಟೆ.

ಕಂಬಗಳು ಹಾಗೇ ಇವೆ. ಬೇಸಿಗೆಯಲ್ಲಿ ಮಗಳು ಎಲ್ಲವನ್ನೂ ಮತ್ತೆ ಮೋಟು ಮಾಡಿದಳು, ನನ್ನ ಎರಡು ಸಾಲನ್ನೂ ಸೇರಿಸಿ. ಗಿಡದ ತಪ್ಪೇನಿದೆ, ಕುಡಿಸಿದವರು ಬೇರೆ ಎಂದಳು. ನಮ್ಮ ಹಣ್ಣಿನ ವೈನು ಹೇಗಿತ್ತು ಎಂದು ಊರವರು ಕೇಳುತ್ತಾರೆ. ಅದು ಪೀಪಾಯಿಯಲ್ಲಿದೆಯಂತೆ, ಇನ್ನೂ ಕಾಯಬೇಕಂತೆ. ಕುಡಿಸದೆ ಬೆಳೆಸುವುದು, ಕುಡಿಯದೆ ಕಾಯುವುದು. ನನಗೆ ಹೊಂದದ ದಂಧೆ ಇದು.

ಈ ವರ್ಷ ಹಣ್ಣಿಗೆ ಬಣ್ಣ ಬಂದಾಗ ಮಗಳು ಬಂಗಾರಪೇಟೆಯಿಂದ ಒಂದು ಸಣ್ಣ ಬೀಗ ತಂದು ಪೈಪಿನ ತಿರುಪಿಗೆ ಹಾಕಿದಳು. ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸಕ್ಕರೆ ಡಬ್ಬಕ್ಕೆ ಕೂಡ ಬೀಗ ಹಾಕದ ಮನೆ ನಮ್ಮದು. ಈಗ ಒಂದು ಬೀಗ ಇದೆ, ಅದು ನನಗೆ. ಬ್ಯಾಗು ಇದ್ದ ಮೊಳೆಗೆ ಈಗ ಕತ್ತರಿ ತಗುಲಿಹಾಕಿದ್ದಾಳೆ. ಬೀರುವಿನಲ್ಲಿ ನನ್ನ ಸೀರೆಗಳನ್ನೆಲ್ಲ ಒಂದು ಮೂಲೆಗೆ ಒತ್ತಿದ್ದಾಳೆ, ಒಂದು ಎಳೆದರೆ ನಾಲ್ಕು ಬೀಳುತ್ತವೆ. ಬೆಳಿಗ್ಗೆ ಅವಳು ಸಾಲುಗಳ ನಡುವೆ ಓಡಾಡುವಾಗ ಆ ಬೀಗದ ಕೈ ಕಿಣಿಕಿಣಿ ಎನ್ನುತ್ತದೆ. ನಾನು ಮೋರಿಯ ಪಕ್ಕದಲ್ಲಿ ಕೂತು ಹುಲ್ಲಿಗೆ ನೀರು ಬಿಡುತ್ತಾ ಕೇಳುತ್ತಿರುತ್ತೇನೆ. ಹುಲ್ಲು ನನ್ನ ಎದೆಮಟ್ಟ ಬಂದಿದೆ.